ಚಿಪ್ಪು ಕಳಚುವ ಜೀವಿಯ ವಯಸ್ಸು

ಮೀನಿನ ವಯಸ್ಸನ್ನು ಅದರ ಮೈಯಲ್ಲೇ ಓದಬಹುದು ಎಂಬುದು ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಗೊತ್ತಾಗಿಹೋಗಿತ್ತು. 1898ರಲ್ಲಿ ಜರ್ಮನಿಯ ಹಾಫ್‌ಬಾವರ್ ಕಾರ್ಪ್ ಮೀನಿನ ಹುರುಪೆಯ ಮೇಲೆ ವರ್ಷಕ್ಕೊಂದರಂತೆ ಮೂಡುವ ಬಳೆಗಳನ್ನು ಗುರುತಿಸಿದ. ಮರುವರ್ಷ ರೈಬಿಷ್ ಎಂಬ ಇನ್ನೊಬ್ಬ ವಿಜ್ಞಾನಿ ಪ್ಲೇಸ್ ಎಂಬ ಚಪ್ಪಟೆ ಮೀನಿನ ಕಿವಿಯೊಳಗಿನ ಪುಟ್ಟ ಕಲ್ಲಿನಲ್ಲೂ ಅಂಥವೇ ಬಳೆಗಳನ್ನು ಕಂಡ. ಚಳಿಗಾಲದಲ್ಲಿ ಬೆಳವಣಿಗೆ ನಿಧಾನ, ಬೇಸಿಗೆಯಲ್ಲಿ ಬಿರುಸು. ಎರಡರ ಗುರುತೂ ಸುಣ್ಣದಲ್ಲಿ ಉಳಿದುಬಿಡುತ್ತದೆ. ಆಗಿನಿಂದ ಮೀನುಗಾರಿಕೆಯ ವಿಜ್ಞಾನಕ್ಕೆ ಕಿವಿಗಲ್ಲೇ ಜನ್ಮಪತ್ರಿಕೆ.

ಸೀಗಡಿಗೆ ಈ ದಾರಿ ಮುಚ್ಚಿತ್ತು. ಅದಕ್ಕೆ ಒಳಗೆ ಎಲುಬಿಲ್ಲ, ಗಟ್ಟಿಯಾದದ್ದೆಲ್ಲ ಹೊರಗಿನ ಚಿಪ್ಪೇ. ಚಿಪ್ಪು ಹಿಗ್ಗದು, ಆದ್ದರಿಂದ ಬೆಳೆಯಬೇಕಾದರೆ ಅದನ್ನು ಬಿಟ್ಟೇ ಬೆಳೆಯಬೇಕು. ಹಳೆಯ ಚಿಪ್ಪಿನಡಿ ಮೆತ್ತಗಿನ ಹೊಸದೊಂದು ಸಿದ್ಧವಾಗುತ್ತದೆ. ತಲೆಯ ಕವಚ ಹಿಂಭಾಗದ ಮೊದಲ ಕಟ್ಟಿಗೆ ಕೂಡುವಲ್ಲಿ ಬಿರುಕು ಬಿಡುತ್ತದೆ. ಸೀಗಡಿ ಮೈ ಬಾಗಿಸಿ ಒಮ್ಮೆ ಚಿಮ್ಮಿತೆಂದರೆ ಹಳೆಯ ಮೈಯಿಂದ ಹೊರಗೆ. ಕಾಲು, ಮೀಸೆ, ಕಿವಿರಿನ ಮೇಲ್ಪದರ, ಕಣ್ಣಿನ ಮೇಲಿನ ತೆಳುಪರೆ, ಕೊನೆಗೆ ಜಠರದೊಳಗೆ ಆಹಾರ ಅರೆಯುವ ಹಲ್ಲುಗಳ ಹೊದಿಕೆ ಕೂಡ ಬಿಟ್ಟ ಚಿಪ್ಪಿನ ಜೊತೆಗೇ ಹೋಗುತ್ತವೆ. ಆಮೇಲೆ ನೀರು ಹೀರಿ ಮೈ ಉಬ್ಬಿಸಿಕೊಂಡು, ಹೊಸ ಚಿಪ್ಪು ಗಟ್ಟಿಯಾಗುವ ತನಕ ಅಡಗಿ ಕೂರುತ್ತದೆ. ಮರಿಗಳಿಗೆ ಕೆಲವೇ ದಿನಗಳಿಗೊಮ್ಮೆ, ದೊಡ್ಡವಕ್ಕೆ ಕೆಲವು ವಾರಗಳಿಗೊಮ್ಮೆ ಇದೇ ಕೆಲಸ. ಹೋದ ವರ್ಷದ ಗುರುತು ಇರಬೇಕಾದ ಜಾಗವೇ ಹೋದ ವರ್ಷ ಸಮುದ್ರದ ತಳ ಸೇರಿರುತ್ತದೆ.

ಸೀಗಡಿಯ ವಯಸ್ಸು ಬರೀ ಕುತೂಹಲದ ಪ್ರಶ್ನೆಯಲ್ಲ. ಒಂದು ಸೀಗಡಿ ಒಂದೇ ವರ್ಷ ಬದುಕುವುದಾದರೆ ಈ ವರ್ಷ ಹಿಡಿಯದೆ ಬಿಟ್ಟದ್ದು ಬರುವ ವರ್ಷಕ್ಕೆ ಸಿಗುವುದಿಲ್ಲ. ಅಲ್ಲಿ ಕೇಳಬೇಕಾದದ್ದು, ಯಾವ ತಿಂಗಳಲ್ಲಿ ಹಿಡಿದರೆ ಮೈತುಂಬಿದ ಸೀಗಡಿ ಬಲೆಗೆ ಬೀಳುತ್ತದೆ ಎಂದು. ಅದೇ ಏಳೆಂಟು ವರ್ಷ ಬದುಕುವ ಜಾತಿಯಾದರೆ ಒಂದು ವರ್ಷದ ಅತಿಯಾಸೆಗೆ ಮುಂದಿನ ಹಲವು ವರ್ಷಗಳ ಸಂತಾನವೇ ಬೆಲೆ ತೆರುತ್ತದೆ. ವಯಸ್ಸು ತಿಳಿಯದೆ ಸಾವಿನ ದರ ತಿಳಿಯದು, ಸಾವಿನ ದರ ತಿಳಿಯದೆ ಎಷ್ಟು ಹಿಡಿಯಬಹುದು ಎಂದು ಹೇಳಲಾಗದು.

ಮೊದಲ ಉಪಾಯ ಡೆನ್ಮಾರ್ಕಿನಿಂದ ಬಂತು, ಅದೂ ಮೀನಿಗಾಗಿ. ಹುರುಪೆ, ಕಿವಿಗಲ್ಲುಗಳ ಓದು ಶುರುವಾಗುವ ಮುನ್ನವೇ, 1890ರ ದಶಕದ ಆರಂಭದಲ್ಲಿ, ಸಿ. ಜಿ. ಯೊಹಾನ್ನೆಸ್ ಪೀಟರ್ಸನ್ ಎಂಬ ಜೀವವಿಜ್ಞಾನಿ ಈಲ್‌ಪೌಟ್ ಎಂಬ ಮೀನನ್ನು ರಾಶಿ ರಾಶಿಯಾಗಿ ಅಳೆದು, ಯಾವ ಉದ್ದದವು ಎಷ್ಟಿವೆ ಎಂದು ನಕ್ಷೆ ಬರೆದ. ನಕ್ಷೆಯಲ್ಲಿ ದಿಬ್ಬಗಳು ಎದ್ದವು. ಶಾಲೆಯ ಅಂಗಳದಲ್ಲಿ ಬೆಳಗಿನ ಪ್ರಾರ್ಥನೆಗೆ ಎಲ್ಲ ತರಗತಿಗಳ ಮಕ್ಕಳೂ ಬೆರೆತು ನಿಂತಿದ್ದಾರೆ ಎಂದುಕೊಳ್ಳಿ: ಯಾರ ಹುಟ್ಟಿದ ದಿನವೂ ಗೊತ್ತಿಲ್ಲದಿದ್ದರೂ ಎತ್ತರ ಅಳೆದರೆ ಒಂದನೆಯವರು ಒಂದು ಗುಂಪಾಗಿ, ಎರಡನೆಯವರು ಇನ್ನೊಂದು ಗುಂಪಾಗಿ ಕಾಣುತ್ತಾರೆ. ವರ್ಷಕ್ಕೊಮ್ಮೆ ಮರಿ ಹಾಕುವ ಜೀವಿಯಲ್ಲಿ ಒಂದೊಂದು ದಿಬ್ಬವೂ ಒಂದೊಂದು ವರ್ಷದ ಸಂತಾನ. ತಿಂಗಳು ತಿಂಗಳೂ ಅಳೆಯುತ್ತ ಹೋದರೆ ದಿಬ್ಬ ಬಲಕ್ಕೆ ಸರಿಯುತ್ತದೆ. ಎಷ್ಟು ಸರಿಯಿತೋ ಅಷ್ಟು ಬೆಳವಣಿಗೆ. ಒಂಟಿ ಜೀವಿಯ ವಯಸ್ಸು ಹೇಳಲಾಗದಿದ್ದರೂ ಗುಂಪಿನ ವಯಸ್ಸು ಹೇಳಬಹುದು ಎಂಬ ಈ ತಿಳಿವಳಿಕೆ ಮುಂದೆ ಸೀಗಡಿಯ ಅಧ್ಯಯನಕ್ಕೆ ನೂರು ವರ್ಷ ಊರುಗೋಲಾಯಿತು.

ಸೀಗಡಿಯ ಮೇಲೆ ಇದನ್ನು ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಿದ್ದು ಅಮೆರಿಕದ ದಕ್ಷಿಣ ಕರಾವಳಿಯಲ್ಲಿ. ಮೆಕ್ಸಿಕೊ ಕೊಲ್ಲಿಯ ಬಿಳಿ ಸೀಗಡಿ ಆಗಲೇ ದೊಡ್ಡ ಉದ್ಯಮವಾಗಿತ್ತು. ಫ್ರಾಂಕ್ ವೇಮೌತ್, ಮಿಲ್ಟನ್ ಲಿಂಡ್ನರ್, ವಿಲಿಯಂ ಆಂಡರ್ಸನ್ ಅಲ್ಲಿನ ಸೀಗಡಿಗಳನ್ನು ಅಳೆದು 1933ರಲ್ಲಿ ವರದಿ ಕೊಟ್ಟರು. ಅಳವೆಯ ಉಪ್ಪುಸಿಹಿ ನೀರಿನಲ್ಲಿ ಬೇಸಿಗೆಯ ಹೊತ್ತಿಗೆ ಪುಟ್ಟ ಮರಿಗಳ ದಿಬ್ಬ ಏಳುತ್ತಿತ್ತು. ಅದು ಬಿರುಸಾಗಿ ಬಲಕ್ಕೆ ಸರಿಯುತ್ತಿತ್ತು, ಚಳಿಯಲ್ಲಿ ತಡೆದು ನಿಲ್ಲುತ್ತಿತ್ತು, ವಸಂತದಲ್ಲಿ ಮತ್ತೆ ಸರಿದು ಸಮುದ್ರಕ್ಕಿಳಿದು ಮೊಟ್ಟೆಯಿಡುವ ಗಾತ್ರ ಮುಟ್ಟುತ್ತಿತ್ತು. ಆಮೇಲೆ ಆ ದಿಬ್ಬವೇ ಇಲ್ಲ. ಎರಡನೆಯ, ಮೂರನೆಯ ವರ್ಷದ ದಿಬ್ಬಗಳು ಇರಬೇಕಾದ ಜಾಗ ಹೆಚ್ಚುಕಡಿಮೆ ಖಾಲಿ. ಅವರು ತಲುಪಿದ ತೀರ್ಮಾನ: ಈ ಸೀಗಡಿಯ ಬಾಳು ಸುಮಾರು ಒಂದು ವರ್ಷ. ಪ್ರತಿ ವರ್ಷದ ಮೀನುಗಾರಿಕೆಯೂ ಆ ವರ್ಷವೇ ಹುಟ್ಟಿದ ಹೊಸ ಪೀಳಿಗೆಯ ಮೇಲೆ ನಿಂತಿದೆ ಎಂದಾಯಿತು. ನನ್ನ ಮಟ್ಟಿಗೆ ಸೀಗಡಿಯ ಬಗ್ಗೆ ಮನುಷ್ಯ ಕಂಡುಕೊಂಡ ಬಹು ದೊಡ್ಡ ಸತ್ಯಗಳಲ್ಲಿ ಇದೊಂದು. ಅದಕ್ಕೆ ಬೇಕಾದದ್ದು ಅಳತೆಪಟ್ಟಿ ಮತ್ತು ತಾಳ್ಮೆ, ಅಷ್ಟೇ.

ಆದರೂ ಸಂಶಯ ಉಳಿಯುತ್ತಿತ್ತು. ದಿಬ್ಬ ಸರಿಯಿತೋ, ಅಥವಾ ದೊಡ್ಡ ಸೀಗಡಿಗಳು ಬೇರೆಲ್ಲಿಂದಲೋ ಬಂದು ಸೇರಿದವೋ? ಇದಕ್ಕೆ ಗುರುತು ಹಾಕಿ ಬಿಟ್ಟು, ಮತ್ತೆ ಹಿಡಿದು ನೋಡುವುದೊಂದೇ ಉತ್ತರ. ಚಿಪ್ಪಿಗೆ ಅಂಟಿಸಿದ ಗುರುತು ಚಿಪ್ಪಿನ ಜೊತೆಗೇ ಹೋಗುತ್ತದೆ, ಆದ್ದರಿಂದ ಮಾಂಸಕ್ಕೇ ನಾಟಬೇಕು. ಲಿಂಡ್ನರ್ ಮತ್ತು ಆಂಡರ್ಸನ್ ಕೈಗೆತ್ತಿಕೊಂಡದ್ದು ಅದೇ ಪೀಟರ್ಸನ್ ಮೀನುಗಳಿಗೆಂದು ರೂಪಿಸಿದ್ದ ಜೋಡಿ ಬಿಲ್ಲೆ: ಸೀಗಡಿಯ ಮೈಯ ಅಡ್ಡಕ್ಕೆ ತೆಳು ತಂತಿ ಚುಚ್ಚಿ, ಎರಡೂ ಬದಿಗೆ ಒಂದೊಂದು. ಸಾವಿರಾರು ಸೀಗಡಿಗಳಿಗೆ ಹೀಗೆ ಬಿಲ್ಲೆ ಕಟ್ಟಿ ಬಿಟ್ಟರು, ಮೀನುಗಾರರು ತಂದುಕೊಟ್ಟ ಬಿಲ್ಲೆಗಳಿಂದ ಬೆಳವಣಿಗೆಯನ್ನೂ ವಲಸೆಯನ್ನೂ ಲೆಕ್ಕ ಹಾಕಿದರು. ಅವರ ಪೂರ್ಣ ವರದಿ ಬಂದದ್ದು 1956ರಲ್ಲಿ. ಸೀಗಡಿ ಕರಾವಳಿಯುದ್ದಕ್ಕೂ ನೂರಾರು ಕಿಲೋಮೀಟರ್ ಸಾಗಬಲ್ಲದು ಎಂಬುದು ಹೊರಬಿದ್ದದ್ದು ಆ ಬಿಲ್ಲೆಗಳಿಂದ. ಆದರೆ ಮರಿಗಳಿಗೆ ಆ ಭಾರ ಹೊರಲಾಗುತ್ತಿರಲಿಲ್ಲ, ಬೆಳವಣಿಗೆ ಅತಿ ಬಿರುಸಾಗಿರುವುದೋ ಆ ಮರಿಗಳಲ್ಲೇ.

ಮುಂದಿನ ಉಪಾಯದ ಅಂದವನ್ನು ತುಸು ನಿಂತು ನೋಡಬೇಕು. 1955ರಲ್ಲಿ ಫ್ಲಾರಿಡಾದ ವಿನ್‌ಸ್ಟನ್ ಮೆನ್ಜೆಲ್ 'ಸೈನ್ಸ್' ಪತ್ರಿಕೆಯಲ್ಲಿ ಸೀಗಡಿಗೆ ಗುರುತು ಹಾಕುವ ಬಗ್ಗೆ ಚಿಕ್ಕ ಟಿಪ್ಪಣಿ ಬರೆದರು. ಪ್ರಯೋಗಾಲಯದಲ್ಲಿ ಜೀವಕೋಶಗಳಿಗೆ ಬಣ್ಣ ಕೊಡಲು ಬಳಸುವ ದ್ರಾವಣವನ್ನು ಸೂಜಿಯಲ್ಲಿ ಸೀಗಡಿಯ ಮೈಗೆ ಚುಚ್ಚುವುದು. ಮೊದಲು ಮೈಯೆಲ್ಲ ಬಣ್ಣ. ಆಮೇಲೆ ರಕ್ತ ಆ ಬಣ್ಣವನ್ನು ಹೊತ್ತುಕೊಂಡು ಹೋಗಿ ಕಿವಿರಿನಲ್ಲಿ ತುಂಬುತ್ತದೆ, ಉಳಿದ ಮೈ ತಿಳಿಯಾಗುತ್ತದೆ. ತಲೆಯ ಕವಚದ ಬದಿಯಿಂದ ನೋಡಿದರೆ ಒಳಗೆ ನೀಲಿಯೋ ಹಸಿರೋ ಆದ ಕಿವಿರು ತೋರುತ್ತದೆ. ಚಿಪ್ಪು ಕಳಚಿದರೂ ಬಣ್ಣ ಹೋಗುವುದಿಲ್ಲ, ಅದು ಇರುವುದು ಚಿಪ್ಪಿನೊಳಗಿನ ಜೀವಂತ ಅಂಗಾಂಶದಲ್ಲಿ. ಫಾಸ್ಟ್ ಗ್ರೀನ್, ಟ್ರಿಪಾನ್ ಬ್ಲೂ ಮುಂತಾದ ಬಣ್ಣಗಳನ್ನು ಡಾಸನ್, ಕಾಸ್ಟೆಲೊ ಮೊದಲಾದವರು ಪರೀಕ್ಷಿಸಿ ಪಳಗಿಸಿದರು. ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗಿನ ಅಳವೆಗಳಲ್ಲಿ ಬೆಳೆದ ಗುಲಾಬಿ ಸೀಗಡಿಗಳೇ ದೂರದ ಟಾರ್ಟುಗಾಸ್ ಮೀನುಗಾರಿಕೆಯ ನೆಲೆಯನ್ನು ತುಂಬುತ್ತವೆ ಎಂದು ತೋರಿಸಿಕೊಟ್ಟದ್ದು ಈ ಬಣ್ಣದ ಕಿವಿರುಗಳು. ಜೌಗು ಬತ್ತಿಸಿದರೆ ಸಮುದ್ರದ ಫಸಲೂ ಬತ್ತುತ್ತದೆ ಎನ್ನಲು ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಅಳತೆಯ ವಿಧಾನಕ್ಕೆ ಅಷ್ಟರಲ್ಲಿ ಗಣಿತ ಕೂಡಿಕೊಂಡಿತು. ಆಸ್ಟ್ರಿಯಾದ ಲುಡ್ವಿಗ್ ಫಾನ್ ಬರ್ಟಲಾನ್ಫಿ 1938ರಲ್ಲಿ ಕೊಟ್ಟ ಬೆಳವಣಿಗೆಯ ಸೂತ್ರ, ಅಂದರೆ ಮೊದಲು ಬಿರುಸಾಗಿ ಏರಿ ಬರಬರುತ್ತ ಒಂದು ಗರಿಷ್ಠ ಉದ್ದಕ್ಕೆ ಬಾಗುವ ಗೆರೆ, ಮೀನಿಗೂ ಸೀಗಡಿಗೂ ಒಂದೇ ಅಳತೆಗೋಲಾಯಿತು. ಸೀಗಡಿ ನಿಜವಾಗಿ ಬೆಳೆಯುವುದು ಮೆಟ್ಟಿಲು ಮೆಟ್ಟಿಲಾಗಿ, ಚಿಪ್ಪು ಕಳಚಿದಾಗ ಒಂದು ನೆಗೆತ, ಮತ್ತೆ ಕಳಚುವ ತನಕ ಸ್ಥಿರ. ಆದರೆ ಸಾವಿರ ಸೀಗಡಿಗಳ ಮೆಟ್ಟಿಲುಗಳನ್ನು ಒಟ್ಟಿಗಿಟ್ಟರೆ ನಯವಾದ ಗೆರೆಯೇ ಕಾಣುತ್ತದೆ. ದಿಬ್ಬಗಳನ್ನು ಬಿಡಿಸುವ ಕೆಲಸದಲ್ಲಿ ಭಾರತದ ಕೊಡುಗೆ ದೊಡ್ಡದು: ಸಿ. ಜಿ. ಭಟ್ಟಾಚಾರ್ಯ 1967ರಲ್ಲಿ 'ಬಯೊಮೆಟ್ರಿಕ್ಸ್' ಪತ್ರಿಕೆಯಲ್ಲಿ, ಒಂದರ ಮೇಲೊಂದು ಬಿದ್ದ ದಿಬ್ಬಗಳನ್ನು ಕಾಗದ, ಪೆನ್ಸಿಲ್ಲಿನಲ್ಲೇ ಬೇರ್ಪಡಿಸುವ ಸರಳ ದಾರಿ ತೋರಿಸಿದರು. ಜಗತ್ತಿನ ಮೀನುಗಾರಿಕಾ ಪಠ್ಯಗಳಲ್ಲೆಲ್ಲ ಅದು ಅವರ ಹೆಸರಿನಲ್ಲೇ ಇದೆ. 1980ರ ಹೊತ್ತಿಗೆ ಮನಿಲಾದಲ್ಲಿ ಡೇನಿಯಲ್ ಪೌಲಿ ಮತ್ತು ಸಂಗಡಿಗರು ಎಲಿಫಾನ್ ಎಂಬ ಕಂಪ್ಯೂಟರ್ ಕ್ರಮವಿಧಿ ಬರೆದು, ತಿಂಗಳು ತಿಂಗಳ ಅಳತೆಗಳ ನಡುವೆ ಅತ್ಯುತ್ತಮವಾಗಿ ಹಾಯುವ ಬೆಳವಣಿಗೆಯ ಗೆರೆಯನ್ನು ಯಂತ್ರವೇ ಹುಡುಕುವಂತೆ ಮಾಡಿದರು. ಬಡ ದೇಶಗಳ ಸಂಶೋಧಕರಿಗೆ ಇದು ವರವಾಯಿತು. ಬೇಕಾದದ್ದು ಸಣ್ಣ ಕಂಪ್ಯೂಟರು ಮತ್ತು ಬಂದರಿನಲ್ಲಿ ಅಳೆದ ಉದ್ದಗಳು.

ಬಂದರಿನ ಅಳತೆ ಹೇಗೆ ನಡೆಯುತ್ತದೆ ಎಂದು ನೋಡಿದರೆ ಅದರ ಬಲವೂ ಮಿತಿಯೂ ತಿಳಿಯುತ್ತದೆ. ಸೀಗಡಿಯ ಮೂತಿಯ ಗರಗಸದ ಮುಳ್ಳು ಬಲೆಯಲ್ಲಿ ಸುಲಭವಾಗಿ ಮುರಿಯುವುದರಿಂದ ಅದನ್ನು ಬಿಟ್ಟು, ಕಣ್ಣಿನ ಗುಳಿಯ ಹಿಂದಿನ ಅಂಚಿನಿಂದ ತಲೆಯ ಕವಚದ ಕೊನೆಯವರೆಗೆ ಕ್ಯಾಲಿಪರ್ ಹಿಡಿದು ಮಿಲಿಮೀಟರಿನಲ್ಲಿ ಬರೆದುಕೊಳ್ಳುತ್ತಾರೆ. ಗಂಡು ಹೆಣ್ಣು ಬೇರೆ ಬೇರೆ, ಏಕೆಂದರೆ ನಮ್ಮ ಕಡೆಯ ಸೀಗಡಿಗಳಲ್ಲಿ ಹೆಣ್ಣೇ ದೊಡ್ಡದಾಗಿ ಬೆಳೆಯುತ್ತದೆ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಕರ್ನಾಟಕದ ಕರಾವಳಿಯಲ್ಲೂ ಈ ಕೆಲಸ ಮಾಡುತ್ತ ಬಂದಿದ್ದಾರೆ. ತೊಡಕು ಏನೆಂದರೆ ಉಷ್ಣವಲಯದ ಸಮುದ್ರದಲ್ಲಿ ಸೀಗಡಿ ವರ್ಷಕ್ಕೊಂದೇ ಸಲ ಮೊಟ್ಟೆಯಿಟ್ಟು ಸುಮ್ಮನಾಗುವುದಿಲ್ಲ. ಒಂದು ಸಂತಾನದ ಹಿಂದೆಯೇ ಇನ್ನೊಂದು ಬರುತ್ತದೆ, ದಿಬ್ಬಗಳು ಒಂದರೊಳಗೊಂದು ಕರಗುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುವುದರಿಂದ ಆ ಎರಡು ತಿಂಗಳ ಅಳತೆಯೂ ಹೆಚ್ಚುಕಡಿಮೆ ಸಿಗದು. ಮಲ್ಪೆ ಬಂದರಿನ ಎಟ್ಟಿಗೆ, ಅಂದರೆ ಸೀಗಡಿಗೆ, ಎಷ್ಟು ತಿಂಗಳು ಎಂದು ಹೇಳುವಾಗ ವಿಜ್ಞಾನಿ ಓದುತ್ತಿರುವುದು ಇಂಥ ಮಸುಕು ನಕ್ಷೆಯನ್ನು.

ಉದ್ದವೇ ವಯಸ್ಸು ಎಂಬ ನಂಬಿಕೆಗೆ ಅತಿ ದೊಡ್ಡ ಪೆಟ್ಟು ಬಿದ್ದದ್ದು ಅಂಟಾರ್ಕ್ಟಿಕದ ಕ್ರಿಲ್‌ನಿಂದ. ಕ್ರಿಲ್ ಸೀಗಡಿಯ ಜಾತಿಯಲ್ಲ, ಹತ್ತಿರದ ಬಂಧು. ತಿಮಿಂಗಿಲಗಳ ಅನ್ನ ಅದು. 1982ರಲ್ಲಿ ಇಕೇಡಾ ಮತ್ತು ಡಿಕ್ಸನ್ ಆಸ್ಟ್ರೇಲಿಯದಲ್ಲಿ ಕ್ರಿಲ್‌ಗಳನ್ನು ಉಪವಾಸ ಕೆಡವಿ ನೋಡಿದರು. ಅವು ಸಾಯಲಿಲ್ಲ. ಇನ್ನೂರು ದಿನಕ್ಕೂ ಮಿಕ್ಕಿ ಬದುಕಿದವು, ಆ ಅವಧಿಯಲ್ಲೂ ಚಿಪ್ಪು ಕಳಚುತ್ತಲೇ ಇದ್ದವು, ಮತ್ತು ಪ್ರತಿ ಸಲ ಹಿಂದಿಗಿಂತ ಚಿಕ್ಕ ಚಿಪ್ಪಿನಲ್ಲಿ ಹೊರಬಂದವು. ಅಂದರೆ ದೀರ್ಘ ಚಳಿಗಾಲದಲ್ಲಿ ಕ್ರಿಲ್ ಕುಗ್ಗಬಲ್ಲದು. ಬಲೆಯಲ್ಲಿ ಸಿಕ್ಕ ಚಿಕ್ಕ ಕ್ರಿಲ್ ಎಳೆಯದೋ, ಕುಗ್ಗಿದ ಮುದಿಯದೋ ಹೇಳುವುದು ಹೇಗೆ? ಒಂದೆರಡು ವರ್ಷದ್ದು ಎಂದುಕೊಂಡಿದ್ದ ಪ್ರಾಣಿ ಐದಾರು ವರ್ಷ ಬದುಕಬಲ್ಲದು ಎಂಬುದು ಮೆಲ್ಲಗೆ ಒಪ್ಪಿತವಾಯಿತು. ಮೈ ಕುಗ್ಗಿದರೂ ಕಣ್ಣು ಅಷ್ಟಾಗಿ ಕುಗ್ಗುವುದಿಲ್ಲ ಎಂದು ಕೆಲವರು ಗಮನಿಸಿದರು. ಕಣ್ಣಿನ ಅಗಲವನ್ನೂ ಮೈಯ ಉದ್ದವನ್ನೂ ಹೋಲಿಸಿದರೆ ಹಸಿದ ಕ್ರಿಲ್ ಸಿಕ್ಕಿಬೀಳುತ್ತಿತ್ತು.

ಇದೇ ಕಾಲದಲ್ಲಿ ಇನ್ನೊಂದು ದಾರಿ ತೆರೆಯಿತು. ವಿಭಜನೆಯಾಗದ ಜೀವಕೋಶಗಳಲ್ಲಿ, ಮುಖ್ಯವಾಗಿ ಮಿದುಳಿನಲ್ಲಿ, ವಯಸ್ಸಾದಂತೆ ಲಿಪೊಫ್ಯೂಸಿನ್ ಎಂಬ ಕಂದು ವರ್ಣದ್ರವ್ಯ ತುಂಬುತ್ತ ಹೋಗುತ್ತದೆ. ಚಿಪ್ಪು ಕಳಚಿದರೂ ಮಿದುಳು ಕಳಚುವುದಿಲ್ಲವಲ್ಲ. ಎಟರ್‌ಶ್ಯಾಂಕ್ 1980ರ ದಶಕದಲ್ಲಿ ಕ್ರಿಲ್ ಮೇಲೆ ಇದನ್ನು ಪ್ರಯೋಗಿಸಿದರು. ಶೀಹಿ ಮತ್ತು ಸಂಗಡಿಗರು 1999ರಲ್ಲಿ ಇದೇ ಅಳತೆಯಿಂದ ಯುರೋಪಿನ ಲಾಬ್ಸ್ಟರ್ ಹೆಣ್ಣೊಂದಕ್ಕೆ 72 ವರ್ಷ ಎಂದು ಅಂದಾಜಿಸಿದಾಗ ಎಲ್ಲರೂ ಹುಬ್ಬೇರಿಸಿದರು. ಆದರೆ ಬಿಸಿ ನೀರಿನಲ್ಲಿ ಆ ಕಂದು ಬೇಗ ತುಂಬುತ್ತದೆ, ತಣ್ಣೀರಿನಲ್ಲಿ ನಿಧಾನ. ಪ್ರತಿ ಜಾತಿಗೂ ಪ್ರತಿ ಕಡಲಿಗೂ ಬೇರೆ ಬೇರೆ ಲೆಕ್ಕ ಕಟ್ಟಬೇಕು, ಕೆಲಸವೂ ದುಬಾರಿ.

ಹೀಗಿರುವಾಗ 2012ರಲ್ಲಿ ಕೆನಡಾದಿಂದ ಬಂದ ಸುದ್ದಿ ಎಲ್ಲರನ್ನೂ ಬೆರಗುಗೊಳಿಸಿತು. ರವೂಫ್ ಕಿಲಾಡಾ ಅದಕ್ಕೂ ಮೊದಲು ಕಪ್ಪೆಚಿಪ್ಪುಗಳ ಬಳೆ ಎಣಿಸಿ ವಯಸ್ಸು ಹೇಳುವ ಕೆಲಸದಲ್ಲಿ ಪಳಗಿದ್ದವರು. ಬರ್ನಾರ್ ಸ್ಯಾಂತ್-ಮಾರಿ, ರೆಮಿ ರೋಶೆಟ್, ಮೀನಿನ ಕಿವಿಗಲ್ಲಿನ ಓದಿಗೆ ಹೆಸರಾದ ಸ್ಟೀವನ್ ಕ್ಯಾಂಪಾನಾ ಮೊದಲಾದವರ ಜೊತೆ ಸೇರಿ, ಎಲ್ಲರೂ ಆಗದು ಎಂದು ಕೈಬಿಟ್ಟಿದ್ದ ಪ್ರಶ್ನೆಯನ್ನು ಅವರು ಮತ್ತೆ ಕೇಳಿದರು: ಈ ಜೀವಿಯ ಮೈಯಲ್ಲಿ ನಿಜವಾಗಿಯೂ ಏನೂ ಉಳಿಯುವುದಿಲ್ಲವೆ? ಉತ್ತರದ ತಣ್ಣೀರಿನ ಸೀಗಡಿ ಪಾಂಡಲಸ್ ಬೋರಿಯಾಲಿಸ್‌ನ ಕಣ್ಣಿನ ಕಾಂಡವನ್ನು, ಎಂದರೆ ಕಣ್ಣು ಕೂತಿರುವ ಪುಟ್ಟ ದಂಟನ್ನು, ಅಂಟಿನ ಅಚ್ಚಿನಲ್ಲಿ ಹುದುಗಿಸಿ, ವಜ್ರದ ಅಲಗಿನಿಂದ ತೆಳ್ಳಗೆ ಕೊಯ್ದು, ಸೂಕ್ಷ್ಮದರ್ಶಕದಡಿ ಬೆಳಕು ಹಾಯಿಸಿದಾಗ ತಿಳಿ ಪಟ್ಟಿ, ಕಪ್ಪು ಪಟ್ಟಿ, ಮತ್ತೆ ತಿಳಿ ಪಟ್ಟಿ ಕಂಡಿತು. ಇನ್ನೊಂದು ತಣ್ಣೀರ ಸೀಗಡಿ ಮತ್ತು ಹಿಮದ ಏಡಿಯ ಕಣ್ಣಿನ ಕಾಂಡದಲ್ಲೂ, ಲಾಬ್ಸ್ಟರಿನ ಜಠರದ ಅರೆಯುವ ಗಟ್ಟಿ ತುಣುಕುಗಳಲ್ಲೂ ಅದೇ ಸಾಲು. ಉದ್ದದ ದಿಬ್ಬಗಳಿಂದ ಅಂದಾಜಿಸಿದ ವಯಸ್ಸಿಗೂ ಪಟ್ಟಿಗಳ ಎಣಿಕೆಗೂ ತಾಳೆಯಾಯಿತು. ಹಳೆಯ ಗುಂಪಿನ ಲೆಕ್ಕವೇ ಹೊಸ ಒಂಟಿ ಲೆಕ್ಕಕ್ಕೆ ಸಾಕ್ಷಿ ನಿಂತಿತು. ಆಸ್ಟ್ರೇಲಿಯದಲ್ಲಿ ಜೆಸ್ಸಿ ಲೀಲ್ಯಾಂಡ್ ಮತ್ತು ಸಂಗಡಿಗರೂ ಜಠರದ ಇಂಥ ತುಣುಕುಗಳತ್ತ 2011ರಲ್ಲೇ ಬೆರಳು ತೋರಿಸಿದ್ದರು.

ಚಿಪ್ಪು ಕಳಚಿದರೂ ಪಟ್ಟಿ ಉಳಿಯುವುದು ಹೇಗೆ ಎಂಬ ಪ್ರಶ್ನೆಗೆ ಕೆನಡಾದ ತಂಡ ಲಾಬ್ಸ್ಟರುಗಳನ್ನು ಕ್ಯಾಲ್ಸೀನ್ ಎಂಬ ಹೊಳೆಯುವ ದ್ರಾವಣದಲ್ಲಿ ಮುಳುಗಿಸಿತು. ಆ ಹೊತ್ತಿನಲ್ಲಿ ಕೂಡುವ ಸುಣ್ಣದಲ್ಲಿ ಹೊಳಪಿನ ಗೆರೆ ಕೂರುತ್ತದೆ. ಮುಂದೆ ಚಿಪ್ಪು ಕಳಚಿದ ಮೇಲೂ ಆ ಗೆರೆ ಕಂಡಿತು. ಈ ತುಣುಕುಗಳು ಪೂರ್ತಿ ಕಳಚಿಹೋಗುವುದಿಲ್ಲ ಎಂದು ಅವರು ವಾದಿಸಿದರು.

ಆ ಕಣ್ಣಿನ ಕಾಂಡದ ಬಗ್ಗೆ ಒಂದು ಮಾತು ಸೇರಿಸಬೇಕು. ಚಿಪ್ಪು ಕಳಚುವುದನ್ನು ತಡೆಹಿಡಿಯುವ ಹಾರ್ಮೋನು ಬಿಡುಗಡೆಯಾಗುವುದೂ ಅಲ್ಲಿಂದಲೇ. ಫ್ರಾನ್ಸಿನ ಪನೂಸ್ 1943ರಲ್ಲಿ ಸೀಗಡಿಯ ಕಣ್ಣಿನ ಕಾಂಡ ಕತ್ತರಿಸಿದರೆ ಅಂಡಾಶಯ ಬೇಗ ಬೆಳೆಯುತ್ತದೆ ಎಂದು ತೋರಿಸಿದ್ದ. ಸೀಗಡಿ ಮರಿ ಕೇಂದ್ರಗಳಲ್ಲಿ ತಾಯಿ ಸೀಗಡಿಯ ಒಂದು ಕಣ್ಣು ತೆಗೆಯುವ ಕ್ರೂರ ರೂಢಿ ಬೆಳೆದದ್ದು ಅಲ್ಲಿಂದ. ಬೆಳವಣಿಗೆಗೆ ಕಡಿವಾಣ ಹಾಕುವ ಅಂಗದಲ್ಲೇ ಬೆಳವಣಿಗೆಯ ದಾಖಲೆಯನ್ನೂ ಹುಡುಕುವಂತಾಯಿತು.

ಒಪ್ಪಿಗೆ ಮಾತ್ರ ಸುಲಭವಾಗಿ ಸಿಗಲಿಲ್ಲ. 2015ರಲ್ಲಿ ಅಮೆರಿಕದ ನೀಲಿ ಏಡಿಯ ಜಠರದ ತುಣುಕುಗಳನ್ನು ಅಧ್ಯಯನ ಮಾಡಿದವರು ಅವೂ ಚಿಪ್ಪಿನ ಜೊತೆ ಕಳಚಿ ಹೊಸದಾಗಿ ಮೂಡುತ್ತವೆ ಎಂದರು. ಶೆರಿಡನ್ ಮತ್ತು ಓ'ಕಾನರ್ 2018ರಲ್ಲಿ ಜಠರದ ತುಣುಕೂ ಕಣ್ಣಿನ ಕಾಂಡದ ಚಿಪ್ಪೂ ಪೂರ್ತಿಯಾಗಿ ಕಳಚುತ್ತವೆ ಎಂಬುದಕ್ಕೆ ಪುರಾವೆ ಇಟ್ಟರು. ಅದೇ ವರ್ಷ ಬೆಲ್‌ಫಾಸ್ಟಿನ ತಂಡವೊಂದು ಪಟ್ಟಿಗಳು ವಯಸ್ಸನ್ನು ದಾಖಲಿಸುವುದೇ ಇಲ್ಲ ಎಂದು ತಲೆಬರಹದಲ್ಲೇ ಸಾರಿತು: ಚಿಪ್ಪು ಪದರ ಪದರವಾಗಿ ದಪ್ಪವಾಗುವಾಗ ಪಟ್ಟಿ ಸಹಜವಾಗಿ ಮೂಡುತ್ತದೆ, ದೊಡ್ಡ ಪ್ರಾಣಿಗೆ ದಪ್ಪ ಚಿಪ್ಪು, ದಪ್ಪ ಚಿಪ್ಪಿಗೆ ಹೆಚ್ಚು ಪಟ್ಟಿ. ಹಾಗಾದರೆ ನಾವು ಎಣಿಸುತ್ತಿರುವುದು ಮತ್ತೆ ಗಾತ್ರವನ್ನೇ. ಇನ್ನೊಂದು ಬದಿಯಲ್ಲಿ, 2017ರಲ್ಲಿ ಕಿಲಾಡಾ ಮತ್ತು ಸಂಗಡಿಗರು ತೊಟ್ಟಿಯಲ್ಲಿ ಸಾಕಿದ, ವಯಸ್ಸು ಗೊತ್ತಿದ್ದ ಕ್ರಿಲ್‌ಗಳ ಕಣ್ಣಿನ ಕಾಂಡದಲ್ಲಿ ಪಟ್ಟಿಗಳು ವಯಸ್ಸಿಗೆ ಹೊಂದುತ್ತವೆ ಎಂದು ಬರೆದರು. 2019ರಲ್ಲಿ ಫ್ಲಾರಿಡಾದ ಮುಳ್ಳು ಲಾಬ್ಸ್ಟರಿನಲ್ಲೂ ಎಣಿಕೆ ಸರಿಹೊಂದಿತು ಎಂಬ ವರದಿ ಬಂತು. ಕಳಚಿಹೋಗುವ ತುಣುಕಿನಲ್ಲಿ ಕಾಲ ಹೇಗೆ ಉಳಿದೀತು ಎಂಬ ಆಕ್ಷೇಪ ನನಗೆ ಬಲವಾದದ್ದೆಂದೇ ಕಾಣುತ್ತದೆ. ಎಣಿಕೆ ತಾಳೆಯಾದರೆ ಸಾಲದು, ಅದು ಉಳಿಯುವ ಬಗೆಯೂ ತಿಳಿಯಬೇಕು. ಅಲ್ಲಿಯವರೆಗೆ ಸೀಗಡಿ ಮೀನುಗಾರಿಕೆಯ ಬಹುಪಾಲು ಲೆಕ್ಕ ಪೀಟರ್ಸನ್‌ನ ದಿಬ್ಬಗಳ ಮೇಲೆಯೇ ನಡೆಯುತ್ತಿದೆ.

ಈಚಿನ ಹೆಜ್ಜೆ ಚಿಪ್ಪನ್ನೂ ಅಳತೆಯನ್ನೂ ಬಿಟ್ಟು ಡಿಎನ್ಎ ಕಡೆಗೆ ತಿರುಗಿದೆ. ವಯಸ್ಸಾದಂತೆ ಡಿಎನ್ಎಗೆ ಅಂಟುವ ಮೀಥೈಲ್ ಗುಂಪುಗಳ ವಿನ್ಯಾಸ ಬದಲಾಗುತ್ತದೆ. 2021ರಲ್ಲಿ ಬ್ರಿಟನ್ನಿನ ಸಂಶೋಧಕರು ಸಾಕಣೆಯ ಯುರೋಪಿಯನ್ ಲಾಬ್ಸ್ಟರುಗಳಲ್ಲಿ, ನಾಲ್ಕು ವರ್ಷಕ್ಕೆ ತುಸು ಮಿಕ್ಕ ವಯಸ್ಸಿನವರೆಗೆ, ಒಂದೆರಡು ತಿಂಗಳ ಅಂತರದಲ್ಲಿ ವಯಸ್ಸು ಹೇಳಬಲ್ಲ ಗಡಿಯಾರವೊಂದನ್ನು ಈ ಬದಲಾವಣೆಯಿಂದ ಕಟ್ಟಿದರು. ಇಂಥ ಗಡಿಯಾರ ಕೂಡಿಸಲು ಹುಟ್ಟಿದ ದಿನ ಖಚಿತವಾಗಿ ಗೊತ್ತಿರುವ ಪ್ರಾಣಿಗಳು ಬೇಕು. ಲಾಬ್ಸ್ಟರಿಗೆ ಅದು ಕಷ್ಟ. ಸೀಗಡಿಗೆ ಅಷ್ಟು ಕಷ್ಟವಲ್ಲ, ಭಾರತದ ಎರಡೂ ಕರಾವಳಿಗಳಲ್ಲಿ ಮರಿ ಕೇಂದ್ರಗಳಿವೆ, ಪ್ರತಿ ತೊಟ್ಟಿಯ ಮೊಟ್ಟೆ ಒಡೆದ ದಿನವೂ ಅಲ್ಲಿ ಬರೆದಿಟ್ಟಿರುತ್ತದೆ. ತೊಟ್ಟಿಯ ಹದವಾದ ನೀರಿನಲ್ಲಿ, ಕೊಟ್ಟ ಮೇವು ತಿಂದು ಬೆಳೆದ ಸೀಗಡಿಯ ಗಡಿಯಾರ ಅರಬ್ಬಿ ಸಮುದ್ರದ ಮಳೆಗಾಲ ಕಂಡ ಸೀಗಡಿಯಲ್ಲೂ ಅದೇ ವೇಗದಲ್ಲಿ ಓಡುತ್ತದೆಯೇ ಎಂಬುದನ್ನು ಮಾತ್ರ ಸಮುದ್ರದ ಸೀಗಡಿಯಲ್ಲೇ ನೋಡಿ ತಿಳಿಯಬೇಕು.